ಛಜ್ಜಾದ ಕೆಳಗೆ ಸ್ತೋತ್ರ

ನಮ್ಮ ಚರ್ಚಿನವರನ್ನು ಯಾರನ್ನಾದರೂ ನಿಲ್ಲಿಸಿ "ಹೆಂಗಿದ್ದೀರಿ?" ಎಂದು ಕೇಳಿ ನೋಡಿ. "ಸ್ತೋತ್ರ" ಎನ್ನುತ್ತಾರೆ, ದೇವರಿಗೆ ಸ್ತುತಿ ಎಂಬರ್ಥದಲ್ಲಿ. ಮಗಳ ಮದುವೆ ಗೊತ್ತಾದವರೂ ಅದನ್ನೇ ಹೇಳುತ್ತಾರೆ, ಕಿಡ್ನಿ ಕಲ್ಲಿನ ಆಪರೇಷನ್ ಗೊತ್ತಾದವರೂ ಅದನ್ನೇ ಹೇಳುತ್ತಾರೆ. ಕೇಳಿದವರಿಗೆ ಅವರ ಮನೆಗೆ ಉಡುಗೊರೆ ಒಯ್ಯಬೇಕೋ ಮೋಸಂಬಿ ಒಯ್ಯಬೇಕೋ ತಿಳಿಯುವುದಿಲ್ಲ. ಫೋನ್ ಎತ್ತಿದರೆ ಸ್ತೋತ್ರ, ಇಡುವಾಗ ಸ್ತೋತ್ರ. ಹಾಲು ಉಕ್ಕಿದರೆ ಸ್ತೋತ್ರ, ಬಸ್ಸು ತಪ್ಪಿದರೆ ಸ್ತೋತ್ರ. ಕಮಿಟಿ ಮೀಟಿಂಗಿನಲ್ಲಿ ಎದುರಿನವರ ಬಾಯಿ ಮುಚ್ಚಿಸಬೇಕಾದರಂತೂ ಇದಕ್ಕಿಂತ ಹರಿತವಾದ ಆಯುಧ ಇನ್ನೊಂದಿಲ್ಲ. "ಆತು ಬಿಡ್ರಿ, ಸ್ತೋತ್ರ!" ಎಂದು ಕೈಮುಗಿದು ಎದ್ದುಬಿಟ್ಟರೆ, ಆಮೇಲೆ ಮಾತಾಡಿದವನೇ ನಾಸ್ತಿಕ.

ನಾನೂ ಇದೇ ನೀರು ಕುಡಿದು ಬೆಳೆದವಳು. ನಲವತ್ತಾರು ವರ್ಷ ಯಾವ ತೊಂದರೆಯೂ ಇಲ್ಲದೆ ಸ್ತೋತ್ರ ಹೇಳಿಕೊಂಡು ಬಂದಿದ್ದೆ. ಈ ಬೇಸಿಗೆಯಿಂದ ಆ ಪದ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಕಾರಣವನ್ನು ಸುತ್ತಿಬಳಸದೆ ಹೇಳಿಬಿಡುತ್ತೇನೆ. ನಾನು ನಿಂತಿದ್ದ ಜಾಗದ ಮೇಲೆ ಚರ್ಚ್ ಬಾಗಿಲ ಸಿಮೆಂಟಿನ ಛಜ್ಜಾ ಬಿತ್ತು. ಬಿದ್ದಾಗ ಅಲ್ಲಿ ನಾನಿರಲಿಲ್ಲ, ನಮ್ಮ ಸಭೆಯ ಹಿರಿಯ ಎಸ್ತೇರವ್ವ ಇದ್ದರು. ಅವರನ್ನು ಅಲ್ಲಿ ನಿಲ್ಲಿಸಿದವಳು ನಾನು.

ಈ ತೆಲುಗು ಊರಿನ ನಾರಾಯಣಗೂಡದ ಒಂದು ಗಲ್ಲಿಯಲ್ಲಿ, ಎರಡು ಕೋಚಿಂಗ್ ಸೆಂಟರುಗಳ ಬೋರ್ಡುಗಳ ನಡುವೆ ಕಣ್ಣು ಕಿರಿದು ಮಾಡಿ ಹುಡುಕಿದರೆ ನಮ್ಮ ಕನ್ನಡ ಸಭೆ ಸಿಗುತ್ತದೆ. ಅಜ್ಜಂದಿರ ಕಾಲದಲ್ಲಿ ಬೀದರ್ ಕಡೆಯಿಂದ ರೈಲ್ವೆಗೆ, ಆಸ್ಪತ್ರೆಗೆ, ಶಾಲೆಗಳಿಗೆ ನೌಕರಿಗೆಂದು ಬಂದ ಕ್ರೈಸ್ತ ಕುಟುಂಬಗಳು ಕಟ್ಟಿಕೊಂಡ ಕಟ್ಟಡ. ಈಗ ಎಲ್ಲ ಸೇರಿದರೆ ಅರವತ್ತು ಜನ. ಅದರಲ್ಲಿ ಅರ್ಧದಷ್ಟು ಸೊಸೆಯಂದಿರು, ಮೊಮ್ಮಕ್ಕಳು. ಅವರಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ಹಾಗಾಗಿ ನಮ್ಮ ದೇವರಿಗೆ ಎಲ್ಲವನ್ನೂ ಎರಡೆರಡು ಸಲ ಕೇಳಿಸಿಕೊಳ್ಳುವ ಶಿಕ್ಷೆ. ಒಂದು ವಾಕ್ಯ ಕನ್ನಡದಲ್ಲಿ, ಅದರ ಬೆನ್ನಿಗೇ ತೆಲುಗಿನಲ್ಲಿ.

ತೆಲುಗಿನಲ್ಲಿ ಹೇಳುವವರು ನಮ್ಮ ಸೆಕ್ರೆಟರಿ ದೇವದಾನಪ್ಪನವರು. ಸರ್ಕಾರಿ ನೌಕರಿಯಿಂದ ರಿಟೈರಾದ ಮೇಲೆ ಅವರು ದೇವರ ನೌಕರಿಗೆ ಸೇರಿದರು. ಅಲ್ಲಿ ರಿಟೈರ್‌ಮೆಂಟ್ ಇಲ್ಲವೆಂಬುದು ನಮಗೆ ತಡವಾಗಿ ಗೊತ್ತಾಯಿತು. ನಮ್ಮ ಪಾಸ್ಟರ್ ಅಯ್ಯನವರು ಸೌಮ್ಯವಾಗಿ "ದೇವರು ಆಗಾಗ ನಮ್ಮನ್ನು ಎಚ್ಚರಿಸುತ್ತಾನೆ" ಎಂದರೆ, ತೆಲುಗಿಗೆ ಬರುವಷ್ಟರಲ್ಲಿ ಅದರಲ್ಲಿ ಗುಡುಗು, ಸಿಡಿಲು ಮತ್ತು ಒಂದಿಬ್ಬರ ಸಾವು ಸೇರಿಕೊಂಡಿರುತ್ತದೆ. ಮೂಲಕ್ಕಿಂತ ಅನುವಾದವೇ ಚೆಂದ ಎಂದು ಸೊಸೆಯಂದಿರ ಅಭಿಪ್ರಾಯ. ಅವರಿಗೆ ಮೂಲ ತಿಳಿಯುವುದಿಲ್ಲ ಎಂಬುದು ಬೇರೆ ಮಾತು.

ದೇವದಾನಪ್ಪನವರ ಕೈಯಲ್ಲಿ ಯಾವಾಗಲೂ ಒಂದು ನೀಲಿ ಡೈರಿ. ಮುಂದಿನ ವಾರ ಯಾರು ಹಾಡಿಸಬೇಕು, ಯಾರು ವೇದ ಎಂದರೆ ಬೈಬಲ್ಲು ಓದಬೇಕು, ಯಾರು ಮಧ್ಯಸ್ಥಿಕೆ ಪ್ರಾರ್ಥನೆ ಮಾಡಬೇಕು ಎಲ್ಲ ಅದರಲ್ಲಿ. ಮಧ್ಯಸ್ಥಿಕೆ ಪ್ರಾರ್ಥನೆ ಎಂದರೆ ಹತ್ತು ನಿಮಿಷ ಎಲ್ಲರ ಪರವಾಗಿ ನಿಂತು ಎಲ್ಲರ ಕಷ್ಟಗಳನ್ನೂ ದೇವರ ಮುಂದೆ ಇಡುವುದು. ದೇಶ ಆಳುವವರು, ಕಾಯಿಲೆ ಬಿದ್ದವರು, ಪರೀಕ್ಷೆ ಬರೆಯುವ ಮಕ್ಕಳು, ವೀಸಾ ಸಿಗದವರು. ಇದಕ್ಕೆ ಯಾರೂ ತಾವಾಗಿ ಹೆಸರು ಕೊಡುವುದಿಲ್ಲ. ಆರಾಧನೆ ಮುಗಿದು ಅಂಗಳದಲ್ಲಿ ಚಹಾ ಕುಡಿಯುವಾಗ ದೇವದಾನಪ್ಪನವರು ಬೇಟೆಗೆ ಇಳಿಯುತ್ತಾರೆ. "ಮುಂದಿನ ಐತ್ವಾರ ನಿಮ್ಮ ಹೆಸರು ಬರ್ಕೊಳ್ಲೇನ್ರಿ?" ಎಂದು ಅವರು ಕೇಳುವ ಹೊತ್ತಿಗೆ ಬರೆದು ಮುಗಿದಿರುತ್ತದೆ.

ಆ ಪ್ರಾರ್ಥನೆಯ ಪಟ್ಟಿಯಲ್ಲಿ ಮೂರು ವರ್ಷದಿಂದ ಒಂದು ಖಾಯಂ ವಿಷಯವಿತ್ತು: "ಮುಂಬಾಗಿಲ ಛಜ್ಜಾದ ಬಿರುಕು." ಬಾಗಿಲ ಮೇಲೆ ಬಿಸಿಲು ಮಳೆಗೆಂದು ಚಾಚಿಕೊಂಡ ಆ ಹಲಗೆಯಂಥ ಸಿಮೆಂಟು ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಬಿರಿದಿತ್ತು. ಅದಕ್ಕಾಗಿ ನಾವು ಎಷ್ಟು ಪ್ರಾರ್ಥಿಸಿದ್ದೇವೆಂದರೆ, ಸ್ವಂತ ಮಕ್ಕಳಿಗಾಗಿ ಅಷ್ಟು ಪ್ರಾರ್ಥಿಸಿದ್ದರೆ ಎಲ್ಲರೂ ಡಾಕ್ಟರಾಗಿರುತ್ತಿದ್ದರು. ಆದರೆ ದೇವರಿಂದ ನಮಗೆ ಏನು ಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳಿದ ನೆನಪಿಲ್ಲ. "ಕರ್ತನೇ, ನಮ್ಮ ಛಜ್ಜಾದ ಬಿರುಕನ್ನು ನಿನ್ನ ಕೈಗೆ ಒಪ್ಪಿಸುತ್ತೇವೆ" ಎನ್ನುತ್ತಿದ್ದೆವು. ಒಪ್ಪಿಸಿದ ಮೇಲೆ ಅದರ ಕೆಳಗೇ ನಿಂತು ಚಹಾ ಕುಡಿಯುತ್ತಿದ್ದೆವು. ಮೇಸ್ತ್ರಿಯನ್ನು ಕರೆಯುವ ಮಾತು ಒಮ್ಮೆ ಬಂದಿತ್ತು. "ಮೊದಲ ಪ್ರಾರ್ಥನಾ ಮಾಡೂಣು, ಆಮ್ಯಾಲ ನೋಡೂಣು" ಎಂದರು ಯಾರೋ. ಪ್ರಾರ್ಥನೆ ಮಾಡಿದೆವು. ಆಮೇಲೆ ನೋಡಲಿಲ್ಲ.

ಇಲ್ಲಿ ನನ್ನ ವಿದ್ಯೆಯ ಬಗ್ಗೆ ಒಂದು ಮಾತು. ನಾನು ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು. ಭಾರ, ಬಲ, ಬೀಳುವ ವಸ್ತು ಇವೇ ನನ್ನ ಅನ್ನ. ಆ ಬಿರುಕಿನಿಂದ ಕಬ್ಬಿಣದ ರಾಡೊಂದು ಹೊರಗೆ ಇಣುಕಿ, ತುಕ್ಕು ಹಿಡಿದು, ಸಿಮೆಂಟಿನ ಮೇಲೆ ಕಂದು ಗೆರೆ ಇಳಿಸಿದ್ದನ್ನು ಎಲ್ಲರಿಗಿಂತ ಮೊದಲು ನೋಡಿದವಳು ನಾನು. ತುಕ್ಕು ಹಿಡಿದ ರಾಡು ಉಬ್ಬುತ್ತದೆ, ಉಬ್ಬಿದರೆ ಕಾಂಕ್ರೀಟು ಒಡೆಯುತ್ತದೆ ಎಂಬುದೂ ನನಗೆ ಗೊತ್ತಿತ್ತು. ನೋಡಿ, ತಿಳಿದು, ವಿದ್ಯಾವಂತಳಾದ ನಾನು ಏನು ಮಾಡಿದೆ? ಜೋರಾಗಿ "ಆಮೆನ್" ಅಂದೆ.

ಆ ಭಾನುವಾರ ಹನ್ನೊಂದೂವರೆಯ ಬಿಸಿಲು. ಅಂಗಳದಲ್ಲಿ ನೆರಳೆಂದರೆ ಛಜ್ಜಾದ ಕೆಳಗಿನದೊಂದೇ. ನಾನು ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಉಸ್ಮಾನಿಯಾ ಬಿಸ್ಕತ್ತು ಹಿಡಿದು ಅಲ್ಲಿ ನಿಂತಿದ್ದೆ. ನೀಲಿ ಡೈರಿ ಜನರ ನಡುವೆ ದಾರಿ ಮಾಡಿಕೊಂಡು ನನ್ನ ಕಡೆಗೇ ಬರುತ್ತಿರುವುದು ಕಂಡಿತು. ಅಷ್ಟರಲ್ಲಿ ಎಸ್ತೇರವ್ವ ಸೆರಗು ತಲೆ ಮೇಲೆ ಎಳೆದುಕೊಂಡು, ಚಹಾ ಚೆಲ್ಲದಂತೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಬಂದರು. ರೈಲ್ವೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು, ಎಪ್ಪತ್ತು ದಾಟಿದವರು, ದಪ್ಪ ಮೈಯವರು. ನನಗೆ ಹೊಳೆದೇಬಿಟ್ಟಿತು. ಇವರನ್ನು ಇಲ್ಲಿ ನಿಲ್ಲಿಸಿದರೆ ಹಿಂದಿನಿಂದ ಜಾರಿಕೊಳ್ಳಬಹುದು.

"ಬರ್ರಿ ಅವ್ವಾ, ಇಲ್ಲಿ ನಿಲ್ರಿ. ನೆರಳೈತಿ."

"ಮತ್ತ ನಿನಗ?"

"ನಾ ಇನ್ನೊಂಚೂರು ಸಕ್ಕರಿ ಹಾಕ್ಕೊಂಡ ಬರ್ತೀನ್ರಿ."

ಸಕ್ಕರೆ ನಾನು ತಿನ್ನುವುದಿಲ್ಲ. ಚಹಾದ ಡ್ರಮ್ಮು ಹನ್ನೊಂದು ಹೆಜ್ಜೆ ದೂರದಲ್ಲಿತ್ತು. ಹನ್ನೊಂದು ಎಂಬುದು ಆಮೇಲೆ ಎಣಿಸಿದ್ದು, ಈಗಲೂ ಎಣಿಸುತ್ತೇನೆ. ಅತ್ತ ದೇವದಾನಪ್ಪನವರನ್ನು ಯಾರೋ ಮಾತಾಡಿಸಿ ಅರ್ಧ ದಾರಿಯಲ್ಲಿ ನಿಲ್ಲಿಸಿದ್ದರು. ನಾನು ಡ್ರಮ್ಮಿನ ಹತ್ತಿರ ಬಂದು, ಗೆದ್ದೆ ಎಂದು ಬಿಸ್ಕತ್ತನ್ನು ಬಾಯಿಗೆ ಒಯ್ದೆ.

ಸದ್ದು ನೀವು ಅಂದುಕೊಂಡಂತೆ ಇರಲಿಲ್ಲ. ಲಾರಿಯ ಮೇಲಿಂದ ಅಕ್ಕಿಮೂಟೆ ದೊಪ್ಪೆಂದು ಎತ್ತಿ ಹಾಕಿದಂತೆ, ಅಷ್ಟೇ. ಆಮೇಲೆ ಧೂಳು. ಧೂಳಿನೊಳಗಿಂದ ಒಂದು ಸ್ಟೀಲ್ ಲೋಟ ಉರುಳುತ್ತ ಉರುಳುತ್ತ ಹೊರಗೆ ಬಂದು ನನ್ನ ಚಪ್ಪಲಿಗೆ ತಾಗಿ ನಿಂತಿತು. ಅದರ ಹಿಂದೆಯೇ ಎಸ್ತೇರವ್ವನ ಧ್ವನಿ ಬಂತು, ಸ್ಪಷ್ಟವಾಗಿ, ಸಿಟ್ಟಿನಿಂದ: "ಏ ದೇವರೇ, ಇದೇನ್ ಹಚ್ಚೀದಿ!"

ಅರವತ್ತು ಜನರಲ್ಲಿ ಆ ಹೊತ್ತಿಗೆ ದೇವರನ್ನು ನೇರವಾಗಿ ಮಾತಾಡಿಸಿದವರು ಅವರೊಬ್ಬರೇ. ಉಳಿದವರು ಕಿರುಚಿಕೊಂಡೆವು.

ಛಜ್ಜಾ ಎಸ್ತೇರವ್ವನ ತಲೆಗೆ ತಾಗದೆ ಅವರನ್ನು ಕೆಡವಿತ್ತು, ಅದರ ತುದಿ ತೊಡೆಯ ಮೇಲೆ ಬಿದ್ದಿತ್ತು. ಬಲತೊಡೆಯ ಎಲುಬು ಎರಡಾಯಿತು. ಆಪರೇಷನ್ ಆಯಿತು, ಒಳಗೆ ರಾಡು ಕೂರಿಸಿದರು. ತುಕ್ಕು ಹಿಡಿಯದ ರಾಡು ಎಂದು ಡಾಕ್ಟರು ಹೇಳಿದಾಗ ನಾನು ಗೋಡೆಯ ಕಡೆ ತಿರುಗಿಕೊಂಡೆ.

ಅಲ್ಲಿಂದ ಶುರುವಾಯಿತು ಸ್ತೋತ್ರದ ಸುಗ್ಗಿ. ವಾರ್ಡಿಗೆ ಬಂದವರೆಲ್ಲ ಮೋಸಂಬಿಯನ್ನು ಮೇಜಿನ ಮೇಲಿಟ್ಟು, ಎಸ್ತೇರವ್ವನ ಮುಖ ನೋಡಿ, "ಕಾಲಷ್ಟೇ ಹೋತು, ತಲಿ ಉಳೀತಲ್ಲ, ಸ್ತೋತ್ರ" ಎನ್ನುವರು. ಇನ್ನೊಬ್ಬರು "ಒಂದೇ ಕಾಲು ನೋಡ್ರಿ, ಎರಡೂ ಹೋಗಿದ್ರ?" ಎನ್ನುವರು. ನಮ್ಮವರು ಯಾವ ಕಷ್ಟವನ್ನೂ ಒಂಟಿಯಾಗಿ ನೋಡುವುದಿಲ್ಲ. ಅದಕ್ಕಿಂತ ದೊಡ್ಡದೊಂದನ್ನು ಕಲ್ಪಿಸಿ ಪಕ್ಕದಲ್ಲಿ ನಿಲ್ಲಿಸಿ, ಆಮೇಲೆ ಇದೆಷ್ಟು ಚಿಕ್ಕದು ನೋಡಿ ಎನ್ನುತ್ತಾರೆ. ಮುರಿದ ಕಾಲಿನವರು ಮುರಿಯದ ಕಾಲಿಗಾಗಿ ಹಾಡಬೇಕು. ಹಾಡದಿದ್ದರೆ ವಿಶ್ವಾಸ ಕಡಿಮೆ. ಎಸ್ತೇರವ್ವ ಕಣ್ಣು ಮುಚ್ಚಿಕೊಂಡು ಮಲಗಿರುತ್ತಿದ್ದರು. ಧ್ಯಾನ ಎಂದುಕೊಂಡು ಜನ ಮೆಲ್ಲಗೆ ಎದ್ದು ಹೋಗುತ್ತಿದ್ದರು.

ಅವರ ಪಾಡು ಹೀಗಾದರೆ ನನ್ನದು ಇನ್ನೂ ಕೆಟ್ಟದ್ದು. ನಾನು ಪವಾಡವಾಗಿಬಿಟ್ಟಿದ್ದೆ. ಮೊದಲ ವಾರ "ಕರುಣಾ ಮೇಡಂ ಕೂದಲೆಳೆಯಲ್ಲಿ ಪಾರಾದರು" ಎಂದಿದ್ದದ್ದು, ಎರಡನೆಯ ವಾರಕ್ಕೆ "ಆಕೀಗೆ ಒಳಗಿನಿಂದ ಒಂದು ಧ್ವನಿ ಬಂತಂತ" ಎಂದಾಯಿತು. ಮೂರನೆಯ ವಾರಕ್ಕೆ ಛಜ್ಜಾದ ಮೇಲೆ ಬಿಳಿ ಪಾರಿವಾಳವೊಂದು ಬಂದು ಕುಳಿತಿತು. ಪಾರಿವಾಳ ಕುಳಿತಿದ್ದು ನಿಜ. ಬೂದು ಬಣ್ಣದ್ದು. ಅವುಗಳ ವಂಶವೇ ಆ ಛಜ್ಜಾದ ಮೇಲೆ ವರ್ಷಗಟ್ಟಲೆ ಕುಳಿತು ಹೇಸಿಗೆ ಮಾಡಿದೆ. ಅದು ಬಿದ್ದದ್ದರಲ್ಲಿ ಅವುಗಳ ಸೇವೆಯೂ ಇದ್ದೀತು.

ಇದಕ್ಕೆಲ್ಲ ಕಿರೀಟವಿಟ್ಟಂತೆ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ನನ್ನ ಕಥೆ ಹೇಳಿದರು. ಹಿರಿಯರಿಗೆ ನೆರಳು ಬಿಟ್ಟುಕೊಟ್ಟವಳನ್ನು ದೇವರು ಕಾಪಾಡಿದ, ಆದ್ದರಿಂದ ಮಕ್ಕಳೇ, ದೊಡ್ಡವರಿಗೆ ಗೌರವ ಕೊಡಿ. ಮುಂದಿನ ಸಾಲಿನ ಹುಡುಗಿಯೊಬ್ಬಳು "ಮತ್ತ ಗೌರವ ತಗೊಂಡ ಅಜ್ಜಿನ್ನ ಯಾಕ ಕಾಪಾಡ್ಲಿಲ್ಲ?" ಎಂದು ಕೇಳಿದಳಂತೆ. ಅವಳಿಗೆ ಎರಡು ಚಾಕೊಲೇಟ್ ಕೊಟ್ಟು ಕೂರಿಸಿದರಂತೆ. ನಮ್ಮ ಸಭೆಯಲ್ಲಿ ದೇವಶಾಸ್ತ್ರದ ಕಠಿಣ ಪ್ರಶ್ನೆಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಕೇಳಿಲ್ಲ.

ಪಾರಾದವರು ಸಭೆಯ ಮುಂದೆ ನಿಂತು ಸಾಕ್ಷಿ ಹೇಳಬೇಕೆಂಬುದು ನಮ್ಮಲ್ಲಿ ಪದ್ಧತಿ. ಸಾಕ್ಷಿಗೂ ಒಂದು ಛಂದಸ್ಸಿದೆ. ಮೊದಲು ಅಪಾಯ ಬರಬೇಕು, ಅದನ್ನು ಆದಷ್ಟು ಎಳೆಯಬೇಕು. ನಡುವೆ ಒಳಗಿನ ಧ್ವನಿ. ಕೊನೆಗೆ ಎರಡೂ ಕೈ ಎತ್ತಿ ಸ್ತೋತ್ರ. ಈ ಮೂರರಲ್ಲಿ ಒಂದು ತಪ್ಪಿದರೂ ಪ್ರಾಸ ತಪ್ಪಿದ ಪದ್ಯದಂತೆ ಜನರಿಗೆ ಏನೋ ಕಸಿವಿಸಿ. ದೇವದಾನಪ್ಪನವರು ಪ್ರತಿ ಶನಿವಾರ ಫೋನ್ ಮಾಡಿ "ಮೇಡಂ, ನಾಳೆ ಸಾಕ್ಷಿ ಇಟ್ಕೊಳ್ಲೇನ್ರಿ?" ಎನ್ನುವರು. ನಾನು ಪರೀಕ್ಷೆಯ ಪೇಪರು, ನೆಗಡಿ, ನೆಂಟರು ಎಂದು ಒಂದೊಂದು ಸಲ ಒಂದೊಂದನ್ನು ಮುಂದೆ ಮಾಡುವೆ. ಅಲ್ಲಿಯೂ ಅವರಿಂದ ತಪ್ಪಿಸಿಕೊಳ್ಳುತ್ತಿದ್ದೆ, ಗಮನಿಸಿ. ಈ ಸಲ ಅಡ್ಡ ನಿಲ್ಲಿಸಲು ಯಾರೂ ಇರಲಿಲ್ಲ, ಅಷ್ಟೇ.

ಕಾಲೇಜಿನಲ್ಲಿಯೂ ನೆಮ್ಮದಿಯಿಲ್ಲ. ಬೀಳುವ ವಸ್ತುಗಳ ಪಾಠ ಪ್ರತಿ ವರ್ಷ ಬರುತ್ತದೆ. ಬೋರ್ಡಿನ ಮೇಲೆ "ಹನ್ನೆರಡು ಅಡಿ ಎತ್ತರದಿಂದ ಒಂದು ಕಲ್ಲು" ಎಂದು ಬರೆದು ನಿಂತುಬಿಟ್ಟೆ. ಲೆಕ್ಕ ಸುಲಭ. ಒಂದು ಸೆಕೆಂಡು ಕೂಡ ಹಿಡಿಯುವುದಿಲ್ಲ. ಒಂದು ಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಎಪ್ಪತ್ತು ದಾಟಿದ ಹೆಂಗಸು ಎಷ್ಟು ದೂರ ಸರಿಯಬಲ್ಲಳು? ಚಾಕ್ ಅಲ್ಲಿಯೇ ನಿಂತಿತ್ತು. ಹಿಂದಿನ ಬೆಂಚಿನಿಂದ ಯಾರೋ "ಆನ್ಸರ್ ಎಂತ, ಮೇಡಂ?" ಎಂದು ತೆಲುಗಿನಲ್ಲಿ ಕೇಳಿದರು. ಆನ್ಸರ್ ಗೊತ್ತಿತ್ತು. ಅದಕ್ಕೇ ಹೇಳಲಾಗಲಿಲ್ಲ.

ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಮೇಜು ಕುಲಕರ್ಣಿ ಸರ್ ಅವರದು. ಕಲಬುರಗಿಯ ಕಡೆಯವರು, ಸಂಸ್ಕೃತ ಪಾಠ ಮಾಡುವವರು. ಅವರ ಮುಂದೆ ಒಂದು ದಿನ ಬಾಯಿ ಬಿಟ್ಟೆ. ಕಷ್ಟದಲ್ಲಿಯೂ ಹೊಗಳಬೇಕು ಅಂತಾರಲ್ಲ ಸರ್, ಇದು ಸೋತು ಬಂದ ರಾಜನಿಗೆ ಹೊಗಳುಭಟ್ಟರು "ದಿಗ್ವಿಜಯಿ" ಎಂದ ಹಾಗಲ್ಲವೇ, ಆ ರಾಜನಿಗೂ ಒಳಗೊಳಗೆ ನಾಚಿಕೆಯಾಗುವುದಿಲ್ಲವೇ ಎಂದೆ. ಅವರು ತಮ್ಮ ಡಬ್ಬಿಯಿಂದ ಒಂದು ತುಂಡು ಜೋಳದ ರೊಟ್ಟಿ ಮುರಿದುಕೊಡುತ್ತ, "ನಿಮ್ಮಲ್ಲಿ ನಿಂದಾಸ್ತುತಿ ಇಲ್ಲೇನ್ರಿ?" ಎಂದರು. ತಮ್ಮ ಕಡೆಯ ಭಕ್ತರು ದೇವರನ್ನು ಕಳ್ಳ, ಸುಳ್ಳ, ಕಿವುಡ, ಕಲ್ಲೆದೆಯವನು ಎಂದು ಬಾಯಿಗೆ ಬಂದಂತೆ ಬೈದು, ಅದಕ್ಕೆ ರಾಗ ಹಾಕಿ ಹಾಡಿದ್ದಾರೆಂದು ವಿವರಿಸಿದರು. "ಅದೂ ಸ್ತುತಿನೇ ರಿ. ಬ್ಯಾರೆಯವರ ಮನಿ ಮುಂದ ಹೋಗಿ ಯಾರಾದ್ರೂ ಜಗಳಾ ಮಾಡ್ತಾರೇನು? ನಮ್ಮವರ ಮನಿ ಮುಂದ ಅಷ್ಟೇ."

ನಮ್ಮಲ್ಲಿ ಇಲ್ಲ ಎಂದು ಹೇಳಿ ಬಂದೆ. ಮನೆಗೆ ಬಂದು, ಬಾಲ್ಯದಿಂದ ರಾಗವಾಗಿ ಹಾಡಿಕೊಂಡು ಬಂದಿದ್ದ ನಮ್ಮ ಬೈಬಲ್ಲಿನ ಹಳೆಯ ಕೀರ್ತನೆಗಳನ್ನು ಮೊದಲ ಸಲ ಅರ್ಥ ನೋಡಿಕೊಂಡು ಓದಿದೆ. ದಂಗಾದೆ. ಅರ್ಧಕ್ಕರ್ಧ ದೂರಿನ ಅರ್ಜಿಗಳು! ಎಲ್ಲಿ ಹೋಗಿದ್ದೀ, ಮುಖ ಯಾಕೆ ತಿರುಗಿಸಿಕೊಂಡೆ, ಕಿವಿ ಕೇಳಿಸುವುದಿಲ್ಲವೇ ಎಂದು ಕೇಳಿದ್ದಾರೆ. ಸಾವಿರಾರು ವರ್ಷದ ಹಿಂದಿನ ಜನ ಆಕಾಶದ ಕಡೆ ಬೆರಳು ಮಾಡಿ ಜಗಳಾಡಿದ್ದನ್ನು ನಾವು ಹಾರ್ಮೋನಿಯಂ ಹಚ್ಚಿ, ಕಣ್ಣು ಮುಚ್ಚಿ, ಮಧುರವಾಗಿ ಹಾಡುತ್ತ ಬಂದಿದ್ದೇವೆ. ದೇವದಾನಪ್ಪನವರ ತೆಲುಗು ಅನುವಾದದ ಕೆಲಸವನ್ನು ನಾವೆಲ್ಲರೂ ಕನ್ನಡದಲ್ಲಿಯೇ ಮಾಡಿಕೊಂಡಿದ್ದೆವು ಅಂತಾಯಿತು.

ಮೂರು ತಿಂಗಳ ಮೇಲೆ ಎಸ್ತೇರವ್ವ ಎದ್ದು ಕೂರುವಂತಾದರು. ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಗೆ ಬೆನ್ನು ಕೊಟ್ಟ ಅವರ ಮನೆಯಲ್ಲಿ ಸ್ತೋತ್ರ ಕೂಟ ಇಟ್ಟುಕೊಂಡರು. ಕಾಯಿಲೆಯಿಂದ ಎದ್ದವರ ಮನೆಯಲ್ಲಿ ಹೀಗೆ ಎಲ್ಲರನ್ನೂ ಕರೆದು ಹಾಡಿ, ಪ್ರಾರ್ಥಿಸಿ, ಊಟ ಹಾಕುವುದು ಪದ್ಧತಿ. ಎರಡು ಕೋಣೆಯಲ್ಲಿ ನಲವತ್ತು ಜನ. ಒಳಗಿನಿಂದ ಬಗಾರಾ ಅನ್ನ ಮತ್ತು ದಾಲ್ಚಾದ ವಾಸನೆ ಬಂದು ಹಾಡುಗಳನ್ನು ಬೇಗ ಬೇಗ ಮುಗಿಸುತ್ತಿತ್ತು. ಎಸ್ತೇರವ್ವ ಮಂಚದ ಮೇಲೆ ಎರಡು ದಿಂಬಿನ ಮೇಲೆ ಕಾಲು ಚಾಚಿ ಕುಳಿತಿದ್ದರು. ಪಕ್ಕದಲ್ಲಿ ಅವರ ಸೊಸೆ ಸುಜಾತ, ವಿಜಯವಾಡದವಳು, ಕನ್ನಡ ಒಂದಕ್ಷರ ಬಾರದು. ಅತ್ತೆಯನ್ನು ಮೂರು ತಿಂಗಳು ಎತ್ತಿ ಇಳಿಸಿ ನೋಡಿಕೊಂಡವಳು.

ಹಾಡು ಮುಗಿಯಿತು. ದೇವದಾನಪ್ಪನವರು ಎದ್ದು, ನನ್ನ ಕಡೆ ನೋಡದೆ, "ಈಗ ಕರುಣಾ ಮೇಡಂ ಅವರಿಂದ ಸಾಕ್ಷಿ" ಎಂದು ಘೋಷಿಸಿದರು. ಬಾಗಿಲು ದೂರವಿತ್ತು, ನಡುವೆ ಹದಿನೈದು ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಎದ್ದು ನಿಂತೆ. ಛಜ್ಜಾ ಬಿದ್ದಂದಿನಿಂದ ಆದ ಅಭ್ಯಾಸದಂತೆ ಮೊದಲು ಮೇಲೆ ಸ್ಲ್ಯಾಬು ನೋಡಿದೆ. ಆಮೇಲೆ ಎಸ್ತೇರವ್ವನ ಕಾಲು ನೋಡಿದೆ. ತಯಾರು ಮಾಡಿಕೊಂಡಿದ್ದ ಸುಳ್ಳು ಮರೆತುಹೋಯಿತು.

"ನನಗ ಯಾವ ಧ್ವನಿನೂ ಕೇಳಿಸ್ಲಿಲ್ರಿ" ಎಂದೆ.

ದೇವದಾನಪ್ಪನವರು ಸುಜಾತಳ ಕಡೆ ತಿರುಗಿ, "ದೇವುನಿ ಸ್ವರಂ ಚಾಲಾ ಮೆಲ್ಲಗಾ ವಿನಿಪಿಂಚಿಂದಿ" ಎಂದರು. ದೇವರ ಸ್ವರ ಬಹಳ ಮೆಲ್ಲಗೆ ಕೇಳಿಸಿತು ಎಂದು. ಎರಡೂ ಭಾಷೆ ಬಲ್ಲವರು ಕೆಮ್ಮಿದರು.

"ಅವ್ವಗ ನಾ ಗೌರವಕ್ಕ ಜಾಗ ಬಿಟ್ಟಿಲ್ಲ. ದೇವದಾನಪ್ಪನವರು ಡೈರಿ ಹಿಡ್ಕೊಂಡು ಬರಾಕತ್ತಿದ್ರು. ಪ್ರಾರ್ಥನಾ ನನ್ನ ಕೊರಳಿಗೆ ಕಟ್ತಾರಂತ ಅವ್ವನ್ನ ಅಡ್ಡ ನಿಲ್ಲಿಸಿ ಓಡಿದೆ. ಆ ರಾಡು ತುಕ್ಕು ಹಿಡಿದದ್ದು ನನಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಗೊತ್ತಿದ್ದೂ ಅಲ್ಲೇ ನಿಲ್ಲಿಸಿದೆ."

ಹಿಂದೆ ರೈಲೊಂದು ಹೋಯಿತು. ಸುಜಾತ ತಲೆ ಎತ್ತಿ "ಏಮನ್ನಾರು, ಅಂಕಲ್?" ಎಂದಳು. ಏನಂದರು ಎಂದು.

ದೇವದಾನಪ್ಪನವರು ಕನ್ನಡಕ ತೆಗೆದರು, ಅಂಗಿಯ ಚುಂಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಇಷ್ಟು ವರ್ಷಗಳಲ್ಲಿ ಅವರು ಅನುವಾದಕ್ಕೆ ಯೋಚಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ನಾನು ಹೇಳಿದ್ದನ್ನು ಹೇಳಿದ ಹಾಗೆ ಹೇಳಿದರು. ಒಂದು ಪದ ಸೇರಿಸಲಿಲ್ಲ, ಒಂದು ಪದ ಬಿಡಲಿಲ್ಲ. "ನನ್ನು ಚೂಸಿ ಪಾರಿಪೋಯಿಂದಂಟ" ಎನ್ನುವಾಗ, ನನ್ನನ್ನು ನೋಡಿ ಓಡಿಹೋದಳಂತೆ ಎನ್ನುವಾಗ, ಅವರ ಧ್ವನಿ ಸ್ವಲ್ಪ ಬಿದ್ದಿತು. ಮುಗಿಸಿ, ತೆಲುಗಿನಲ್ಲಿಯೇ, ತಮ್ಮದೊಂದು ವಾಕ್ಯ ಸೇರಿಸಿದರು: ಮೇಸ್ತ್ರಿ ಬೇಡ, ಮೊದಲು ಪ್ರಾರ್ಥನೆ ಎಂದು ಕಮಿಟಿಯಲ್ಲಿ ಹೇಳಿದವನು ನಾನೇ.

ಸುಜಾತ ನನ್ನನ್ನು ಒಂದು ಸಲ, ಅವರನ್ನು ಒಂದು ಸಲ ನೋಡಿದಳು. ಎದ್ದು ಅಡಿಗೆಮನೆಗೆ ಹೋದಳು. ಅಲ್ಲಿ ಪಾತ್ರೆಗಳ ಸದ್ದು ಜೋರಾಯಿತು. ಆ ನೋಟದ ಭಾರ ನನಗೆ ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ.

ಮಂಚದ ಕಡೆಯಿಂದ ವಿಚಿತ್ರವಾದ ಸದ್ದು ಬರುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ಎಸ್ತೇರವ್ವ ನಗುತ್ತಿದ್ದರು. ಕಾಲು ನೋಯದಂತೆ ತೊಡೆ ಹಿಡಿದುಕೊಂಡು ನಗುತ್ತಿದ್ದರು.

"ಏ ಖೋಡಿ! ಇಷ್ಟು ಹೇಳಾಕ ಮೂರು ತಿಂಗಳ ಬೇಕಾತೇನ? ಆ ಡೈರಿ ನೋಡಿ ನಿನ್ನ ಮಾರಿ ಹೆಂಗಾಗಿತ್ತು ಅಂತ ನಾ ಅವತ್ತೇ ನೋಡೀನಿ. ನನಗೂ ಓಡೂದಿತ್ತು. ಮೊಣಕಾಲು ಬಿಡ್ಲಿಲ್ಲ!"

"ಸಿಟ್ಟಿಲ್ಲೇನ್ರಿ ಅವ್ವಾ?"

"ಯಾಕಿಲ್ಲ? ಐತಿ. ನಿನ್ನ ಮ್ಯಾಲ ಐತಿ, ಈ ದೇವದಾನಪ್ಪನ ಮ್ಯಾಲ ಐತಿ. ಆ ಮ್ಯಾಲಿನವನ ಮ್ಯಾಲಂತೂ ಭಾಳ ಐತಿ. ದವಾಖಾನಿದಾಗ ಕಣ್ಣ ಮುಚ್ಕೊಂಡು ದಿನಾ ಬೈತಿದ್ದೆ. ಬಂದವರು ಧ್ಯಾನಾ ಅಂತಿದ್ರು."

ದೇವದಾನಪ್ಪನವರಿಗೆ ತಡೆಯಲಾಗಲಿಲ್ಲ. "ಮತ್ತ ಈ ಸ್ತೋತ್ರ ಕೂಟ ಯಾಕ ಇಟ್ಟೀಯವ್ವಾ?"

"ಬೈಯೂ ಅಷ್ಟು ಜೀವಾ ಉಳಿಸ್ಯಾನಲ್ಲಪಾ, ಅದಕ್ಕ."

ನಾನು ವೇದಪಾಠದಲ್ಲಿ ಬಹುಮಾನ ತೆಗೆದುಕೊಂಡವಳು. ಕಷ್ಟಕಾಲದ ಸ್ತುತಿಯ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ, ಕೆಲವು ಎರಡು ಗಂಟೆಯವು, ಅನುವಾದ ಸೇರಿ. ಇಷ್ಟು ಚಿಕ್ಕದನ್ನು ಕೇಳಿರಲಿಲ್ಲ.

ಎಸ್ತೇರವ್ವ ಆಮೇಲೆ ತೀರ್ಪು ಕೊಟ್ಟರು. ತೀರ್ಪು ಮೂರು ಮಾತಿನದು. ಛಜ್ಜಾವನ್ನು ಪ್ರಾರ್ಥನೆ ಪಟ್ಟಿಯಿಂದ ತೆಗೆದು ಮೇಸ್ತ್ರಿಗೆ ಒಪ್ಪಿಸಬೇಕು. ನಾನು ಪ್ರತಿ ಶನಿವಾರ ಬಂದು ಅವರನ್ನು ವಾಕರ್ ಹಿಡಿಸಿ ನಡೆಸಬೇಕು, ಸುಜಾತಳಿಗೆ ಅಷ್ಟು ಹೊತ್ತು ಬಿಡುವು. ಮೂರನೆಯದನ್ನು ಹೇಳುವಾಗ ಅವರ ಕಣ್ಣು ಮಿಂಚಿತು: "ಆ ಡೈರಿ ತಗೀರಿ. ಬರ್ಕೊಳ್ರಿ ಈಕಿ ಹೆಸರು. ಮುಂದಿನ ಐತ್ವಾರ." ದೇವದಾನಪ್ಪನವರು ಈ ಸಲ ಮೊದಲು ನನ್ನ ಮುಖ ನೋಡಿ, ನಾನು ತಲೆ ಅಲ್ಲಾಡಿಸಿದ ಮೇಲೆ ಬರೆದುಕೊಂಡರು.

ಶನಿವಾರ ಹೋದೆ. ಸುಜಾತ ಬಾಗಿಲು ತೆರೆದು, ವಾಕರ್ ನನ್ನ ಕೈಗಿಟ್ಟು ಒಳಗೆ ಹೋದಳು. ಎಸ್ತೇರವ್ವ ಮಂಚದಿಂದ ಕಿಟಕಿಯ ಕಡೆಗೆ ನಾಲ್ಕು ಹೆಜ್ಜೆ ನಡೆದರು. ಪ್ರತಿ ಹೆಜ್ಜೆಗೂ ಒಂದು ಬೈಗುಳ, ಯಾರಿಗೆಂದು ಕೇಳಲಿಲ್ಲ. ಹನ್ನೊಂದಕ್ಕೆ ಇನ್ನೂ ಏಳು ಬಾಕಿ ಎಂದು ನಾನು ಮನಸ್ಸಿನಲ್ಲಿ ಎಣಿಸಿದೆ.

ಭಾನುವಾರ ಬಂತು. ಮೇಸ್ತ್ರಿ ಅಷ್ಟರಲ್ಲಿ ಬಂದು, ಉಳಿದ ಛಜ್ಜಾಗಳಿಗೆಲ್ಲ ಮರದ ಗಳಗಳ ಆಸರೆ ಕೊಟ್ಟು, ಒಳಗೂ ಎರಡು ಕಡೆ ಕಂಬ ನಿಲ್ಲಿಸಿ ಹೋಗಿದ್ದ. ಮೂರು ವರ್ಷ ದೇವರ ಕೈಯಲ್ಲಿದ್ದದ್ದನ್ನು ಒಂದು ಬೆಳಗಿನಲ್ಲಿ ಮುಗಿಸಿ, "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಕೇಳಿದನಂತೆ. ಮಧ್ಯಸ್ಥಿಕೆ ಪ್ರಾರ್ಥನೆಗೆ ನನ್ನ ಹೆಸರು ಕರೆದರು. ಮುಂದೆ ಹೋಗಿ ನಿಂತೆ. ಪಕ್ಕದಲ್ಲಿ ದೇವದಾನಪ್ಪನವರು. "ಪ್ರಾರ್ಥಿಸೋಣ" ಎಂದೆ. ಕಣ್ಣು ಮುಚ್ಚುವ ಮೊದಲು ಅರವತ್ತು ಜನರೂ ಒಂದು ಸಲ ಮುಖ ಎತ್ತಿ ಮೇಲೆ ನೋಡಿದೆವು. ಕಿಟಕಿಯಿಂದ ಇಣುಕಿದವರಿಗೆ ಎಂಥ ಭಕ್ತರು ಎನಿಸಿರಬೇಕು.

ಕಣ್ಣು ಮುಚ್ಚಿದೆ. ಪಟ್ಟಿ ಕೈಯಲ್ಲಿತ್ತು, ಸ್ತೋತ್ರದಿಂದ ಶುರುಮಾಡಬೇಕೆಂಬ ನಿಯಮವೂ ಗೊತ್ತಿತ್ತು. ಆ ಪದ ಮತ್ತೆ ಗಂಟಲಿನ ತನಕ ಬಂದು ನಿಂತಿತು. ಅಕ್ಕಿಮೂಟೆಯ ಸದ್ದು, ಧೂಳು, ಚಪ್ಪಲಿಗೆ ತಾಗಿದ ಲೋಟ. ಆಮೇಲೆ ಧೂಳಿನೊಳಗಿನ ಆ ಧ್ವನಿ. ನನ್ನ ಬಾಯಿಂದ ಬಂದದ್ದು ಅದೇ.

"ಏ ದೇವರೇ, ಇದೇನ್ ಹಚ್ಚೀದಿ!"

ಈಗ ತೆಲುಗು ಬರಬೇಕಿತ್ತು. ದೇವದಾನಪ್ಪನವರು ತಡಮಾಡಿದರು. ಬೈಗುಳವನ್ನು ಬೈಗುಳವಾಗಿ ಹೇಳಬೇಕೋ, ಹಳೆಯ ಚಾಳಿಯಂತೆ ತಿದ್ದಬೇಕೋ ಎಂದು ತೂಗುತ್ತಿದ್ದಾರೆ ಎಂದುಕೊಂಡೆ. ಕಣ್ಣು ಸ್ವಲ್ಪ ತೆರೆದು ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು. ಅವರು ಮೆಲ್ಲಗೆ, ಗುಡುಗು ಸಿಡಿಲು ಏನೂ ಇಲ್ಲದೆ ಒಂದೇ ಪದ ಹೇಳಿದರು.

"ಸ್ತೋತ್ರಂ."

ಇಷ್ಟು ವರ್ಷಗಳಲ್ಲಿ ಅವರ ಅನುವಾದದಲ್ಲಿ ತಪ್ಪು ಹುಡುಕಿದವಳು ನಾನು. ಇದರಲ್ಲಿ ಸಿಗಲಿಲ್ಲ.